ಕನ್ನಡಕದೊಳಗಿನ ಕೈಗಳು

ಐಮಂಗಲದ ಹತ್ತಿರವಿರುವ ನಮ್ಮ ಪಂಪಿನ ಕಾರ್ಖಾನೆಗೆ ರೋಬೋ ಬಂದಾಗ ಯಾರೂ ಹೆದರಲಿಲ್ಲ. ಅದರ ಜೊತೆ ಒಂದು ಕನ್ನಡಕ ಬಂತಲ್ಲ, ಅದಕ್ಕೆ ಹೆದರಿದರು. ಹಾಕಿಕೊಂಡರೆ ಎದುರಿಗಿರುವುದೆಲ್ಲ ಕಾಣುತ್ತದೆ, ಜೊತೆಗೆ ಇಲ್ಲದ್ದೂ ಕಾಣುತ್ತದೆ. ಅಂಥದ್ದನ್ನು ಮೂಗಿನ ಮೇಲಿಟ್ಟುಕೊಂಡು ದುಡಿಯುವ ಕಡೆ ಈಗ ಹೇಳಹೊರಟಿರುವಂಥವು ಆಗುತ್ತಲೇ ಇರುತ್ತವೆ. ನಾನು ಅಲ್ಲಿ ಸೂಪರ್‌ವೈಸರ್.

ಮುಂಚೆ ಬರುವ ತೋಳು

ನಮ್ಮ ರೋಬೋ ಅಂದರೆ ಒಂದು ಉದ್ದನೆಯ ಕಬ್ಬಿಣದ ತೋಳು, ಅಷ್ಟೆ. ಅದು ಯಾವ ಕಡೆ ಹೊರಳಲಿದೆ ಅನ್ನುವುದನ್ನು ಕನ್ನಡಕ ಮೊದಲೇ ಗಾಳಿಯಲ್ಲಿ ನೀಲಿ ತೋಳಾಗಿ ತೋರಿಸುತ್ತದೆ, ಪಕ್ಕದಲ್ಲಿದ್ದವರು ಸರಿದು ನಿಲ್ಲಲಿ ಅಂತ. ಆದಿವಾಲದಿಂದ ಕೆಲಸಕ್ಕೆ ಬರುವ ಅಕ್ಕ ಮೊದಲ ಸಲ ಹಾಕಿಕೊಂಡರು. ನೀಲಿ ತೋಳು ಸದ್ದಿಲ್ಲದೆ ಅವರ ಭುಜದೊಳಗಿಂದಲೇ ಹಾದುಹೋಯಿತಂತೆ. ಅಕ್ಕ ಸರಕ್ಕನೆ ಹಿಂದೆ ಸರಿದರು. ಉಸಿರು ಬಿಡುವಷ್ಟರಲ್ಲಿ ನಿಜವಾದ ತೋಳು ಅದೇ ಜಾಗಕ್ಕೆ ಬಂದು ನಿಂತಿತು.

"ಸಾರ್, ಇದು ಇನ್ನೂ ಆಗ್ದೇ ಇರೋದನ್ನ ತೋರಿಸ್ತೈತೆ," ಅಂದರು. ದನಿ ಇಳಿದುಹೋಗಿತ್ತು.

"ಹೂಂ ಅಕ್ಕ, ಅದರ ಕೆಲಸವೇ ಅದು."

ಅಕ್ಕ ಕನ್ನಡಕ ತೆಗೆದು ನನ್ನ ಕೈಗಿಟ್ಟರು. ಆಮೇಲೆ, "ಹಂಗಾರೆ ಒಂದ್ಸಲ ಹೈವೇ ಕಡೆ ತಿರುಗಿಸಿ ನೋಡ್ರಿ, ಸಂಜೆ ಬಸ್ಸು ಬರ್ತೈತೋ ಇಲ್ವೋ," ಅಂದರು.

ಕಂಬದ ಹತ್ತಿರ ನಿಂತವನು

ಮನುಷ್ಯರು ಹತ್ತಿರ ಬಂದರೆ ತೋಳು ತಾನೇ ನಿಲ್ಲುತ್ತದೆ. ಯಾರಿಗಾಗಿ ನಿಂತಿತು ಅನ್ನುವುದನ್ನು ಕನ್ನಡಕ ಅವರ ಸುತ್ತ ಹಳದಿ ಗೆರೆ ಎಳೆದು ತೋರಿಸುತ್ತದೆ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ ತೋಳು ಅಲ್ಲಾಡುತ್ತಿಲ್ಲ. ಕನ್ನಡಕದಲ್ಲಿ ನೋಡಿದೆವು. ಮೂಲೆಯ ಕಂಬದ ಹತ್ತಿರ, ಮಬ್ಬಿನಲ್ಲಿ, ಹಳದಿ ಮನುಷ್ಯನೊಬ್ಬ ತಲೆ ತಗ್ಗಿಸಿ ನಿಂತಿದ್ದ. ನಮ್ಮವರೆಲ್ಲ ಇಲ್ಲೇ ಇದ್ದಾರೆ. ಮತ್ತೆ ಅವನು ಯಾರು?

ಯಾರೂ ಮುಂದೆ ಹೋಗಲಿಲ್ಲ. ಅಕ್ಕ ದೂರದಿಂದಲೇ, "ಏನಪ್ಪ, ಸ್ವಲ್ಪ ಸರ್ಕಳಪ್ಪ, ನಮ್ಗೂ ಕೆಲ್ಸ ಐತೆ," ಅಂದರು. ಅವನು ಕದಲಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಟಾರ್ಚು ಹಿಡಿದು, ಕಾಲೆಳೆದುಕೊಂಡು ಹೋದೆ. ಊಟಕ್ಕೆ ಹೋಗುವಾಗ ಕಂಬದ ಮೊಳೆಗೆ ನಾನೇ ನೇತುಹಾಕಿದ್ದ ಕೋಟು, ಅದರ ಮೇಲೆ ನನ್ನದೇ ಹೆಲ್ಮೆಟ್ಟು.

"ಬಿಡ್ರಿ ಸಾರ್," ಅಂದರು ಅಕ್ಕ. "ನೀವಿಲ್ದಿದ್ರೂ ನಿಮ್ ಕೋಟು ಕೆಲ್ಸ ನಿಲ್ಲಿಸ್ತೈತೆ."

ಕರೆಯುವ ಕೈ

ಚಿತ್ರದುರ್ಗದಿಂದ ಬರುತ್ತಿದ್ದ ಹಿರಿಯ ಫಿಟ್ಟರ್ ಒಬ್ಬರಿದ್ದರು, ನಮಗೆಲ್ಲ ಚಾಚಾ. ಅವರು ನಿವೃತ್ತಿಯಾಗುವ ಮುಂಚೆ ಅವರ ಕೈಗಳನ್ನು ಕನ್ನಡಕಕ್ಕಾಗಿ ರೆಕಾರ್ಡ್ ಮಾಡಿಸಿದ್ದೆವು. ತೋಳು ಪಂಪನ್ನು ಎತ್ತಿ ಹಿಡಿಯುತ್ತದೆ. ಗಾಳಿಯಲ್ಲಿ ಚಾಚಾನ ಎರಡು ಕೈ ಮಾತ್ರ ಮೂಡಿ, ಬೋಲ್ಟು ಬಿಗಿಯುವುದನ್ನು ತೋರಿಸುತ್ತವೆ. ಅವು ಮಾಡಿದ ಹಾಗೆ ನಾವು ಮಾಡಬೇಕು.

ಅವರು ನಿವೃತ್ತಿಯಾಗಿ ಕೆಲವು ತಿಂಗಳಿಗೆ ದುರ್ಗದಿಂದ ಸುದ್ದಿ ಬಂತು, ಚಾಚಾ ತೀರಿಕೊಂಡರು ಅಂತ. ಅವತ್ತೂ ಕೈಗಳು ಎಂದಿನಂತೆ ಬಂದವು. ಬೋಲ್ಟು ಬಿಗಿಯುತ್ತಾ ಬಿಗಿಯುತ್ತಾ ಬಲಗೈ ಕೆಲಸ ಬಿಟ್ಟು ಮೇಲೆದ್ದು, ಬಾ ಬಾ ಅಂತ ಕರೆಯಿತು. ರೆಕಾರ್ಡಿನಲ್ಲಿ ಅದು ಮೊದಲಿಂದಲೂ ಇತ್ತು. ಯಾರೂ ಗಮನ ಕೊಟ್ಟಿರಲಿಲ್ಲ, ಅಷ್ಟೆ. ಅಕ್ಕ ಕನ್ನಡಕ ಕಿತ್ತಿಟ್ಟರು.

"ಚಾಚಾ ಕರೀತಾ ಅವ್ರೆ ಸಾರ್. ನಾನಿಲ್ಲಿ ಕುಂತ್ಕಳಲ್ಲ."

ಬೇರೆ ಯಾರೂ ಕೂರಲಿಲ್ಲ. ಆ ರೆಕಾರ್ಡನ್ನು ಅಳಿಸಿಬಿಡೋಣ ಅಂತ ನಾನೇ ಹೋದೆ. ಆ ಕೈಗಳನ್ನು ನೋಡಿದೆ, ಹೆಬ್ಬೆರಳಿನ ಹಳೇ ಗಾಯದ ಗುರುತೂ ಹಾಗೇ ಇತ್ತು. ಅಳಿಸಲು ಮನಸ್ಸಾಗಲಿಲ್ಲ.

ಮರುವಾರ ಚಾಚಾ ತಾವೇ ಮಗಳ ಮದುವೆಗೆ ಕರೆಯಲು ಗೇಟಿಗೆ ಬಂದರು. ತೀರಿಕೊಂಡವರು ಅದೇ ಹೆಸರಿನ ಬೇರೆಯವರಂತೆ. ನಮ್ಮ ಮುಖ ನೋಡಿ ಅವರೇ ಗಾಬರಿಯಾದರು. ಕೂರಿಸಿ, ನೀರು ಕೊಟ್ಟು, ಕನ್ನಡಕ ಹಾಕಿಸಿದೆವು. ತಮ್ಮ ಕೈಗಳು ತಮ್ಮನ್ನೇ ಕರೆಯುವುದನ್ನು ನೋಡಿ ಚಾಚಾನ ಮುಖ ಬಿಳಿಚಿತು.

"ಅದು ಯಾರನ್ನ ಕರೀತೈತೆ ಚಾಚಾ?" ಅಕ್ಕ ಮೆಲ್ಲಗೆ ಕೇಳಿದರು.

ಆ ಕೈ ಇನ್ನೊಮ್ಮೆ ಕರೆಯುವವರೆಗೂ ಚಾಚಾ ನೋಡುತ್ತಲೇ ಇದ್ದರು. ಆಮೇಲೆ ಕನ್ನಡಕ ತೆಗೆದು ಹೇಳಿದರು:

"ಅವತ್ತು ಕ್ಯಾಂಟೀನಿನೋನಿಗೆ ಚಾ ತಗಂಬಾ ಅಂದಿದ್ದೆ. ಇನ್ನೂ ತಂದಿಲ್ವೇನು?"