ಮೂಲಬಿಂದುವಿನಲ್ಲಿ ಚಹಾ ಕುಡಿದ ಮಾವನವರು

ಕಲಿತ ವಿದ್ಯೆಯನ್ನು ಕಾಲೇಜಿನ ಗೇಟಿನಲ್ಲೇ ಬಿಟ್ಟು ಮನೆಗೆ ಬರುವ ಜಾಣತನ ಎಲ್ಲರಿಗೂ ಇರುವುದಿಲ್ಲ. ನನಗಂತೂ ಇಲ್ಲ. ಹೈದರಾಬಾದಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವನು ನಾನು. ಚೆಂಡು ಬೀಳಲಿ, ರೈಲು ಓಡಲಿ, ಮೊದಲು ಒಂದು ಮೂಲಬಿಂದು ಹಿಡಿದು, ಅಡ್ಡಕ್ಕೊಂದು ಉದ್ದಕ್ಕೊಂದು ಅಕ್ಷ ಎಳೆಯದೆ ನನಗೆ ಮುಂದಿನ ಮಾತೇ ಹೊರಡುವುದಿಲ್ಲ. ಮನೆಯಲ್ಲೂ ಅದೇ ಚಾಳಿ. ಬೆಲ್ಲ ಎಲ್ಲಿಟ್ಟಿರಿ ಎಂದು ಹೆಂಡತಿ ಕೇಳಿದರೆ "ಒಲೆಯಿಂದ ಬಲಕ್ಕೆ ಎರಡು, ಮೇಲಕ್ಕೆ ಒಂದು" ಎನ್ನುತ್ತೇನೆ. ಅಲ್ಲಿ ಮೆಂತ್ಯ ಇರುತ್ತದೆ, ಅದು ಬೇರೆ ಮಾತು.

ನಾವು ನಾರಾಯಣಗೂಡದ ಬಾಡಿಗೆ ಮನೆಗೆ ಬಂದ ಹೊಸತು. ಸೇಡಂನಿಂದ ಮಾವನವರು ಬರುವುದಾಗಿ ಫೋನ್ ಮಾಡಿದರು. ಅವರಿಂದ ನನಗೆ ಬೇಕಾದದ್ದು ಎರಡೇ: ಅತ್ತೆಯವರು ಮಾಡಿ ಕಳಿಸುವ ಶೇಂಗಾ ಹೋಳಿಗೆ, ಮತ್ತು ಒಂದು ಶಹಬ್ಬಾಸ್. ಹೋಳಿಗೆ ಪ್ರತಿಸಲ ಬರುತ್ತಿತ್ತು. ಶಹಬ್ಬಾಸ್ ಮದುವೆಯಾದಾಗಿನಿಂದ ಬಾಕಿ. ಆ ದಿನ ಪರೀಕ್ಷೆಯ ಕೆಲಸವಿದ್ದದ್ದರಿಂದ ಸ್ಟೇಷನ್ನಿಗೆ ಹೋಗಲಾರೆ, ಸರಿ, ದಾರಿಯನ್ನಾದರೂ ಶಾಸ್ತ್ರೀಯವಾಗಿ ಹೇಳೋಣವೆಂದುಕೊಂಡೆ.

"ಹಿಟ್ಟಿನ ಗಿರಣಿ ಬಾಜೂಕ ಅಂತ ಹೇಳ್ರಿ, ಸಾಕು. ಅಪ್ಪಗ ನಿಮ್ಮ ಕಾಲೇಜಿನ ಲೆಕ್ಕ ಯಾಕ ಬೇಕ್ರಿ?" ಎಂದಳು ಹೆಂಡತಿ.

ಗಿರಣಿ ಇಂದು ಇರುತ್ತದೆ, ನಾಳೆ ಮುಚ್ಚುತ್ತದೆ, ಅಕ್ಷಗಳಿಗೆ ಅಳಿವಿಲ್ಲ. ಚೌರಸ್ತೆಯ ಇರಾನಿ ಹೋಟೆಲನ್ನೇ ಮೂಲಬಿಂದು ಮಾಡಿ, "ಅಲ್ಲಿಂದ ಬಲಕ್ಕೆ ಎರಡನೇ ಗಲ್ಲಿ, ಎಡಕ್ಕೆ ತಿರುಗಿ ಮೂರನೇ ಮನೆ. ಯಾರನ್ನೂ ಕೇಳಬ್ಯಾಡ್ರಿ" ಎಂದು ಹೇಳಿ ಫೋನ್ ಇಟ್ಟೆ. ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಇದೇ ತಪ್ಪಿಗೆ ಹುಡುಗರ ಅಂಕ ಕತ್ತರಿಸುತ್ತೇನೆ.

ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಗಾಡಿ ಬಂದು ಭಾಳ ಹೊತ್ತಾತು. ನಮ್ಮಪ್ಪ ಎಲ್ಲಿ?" ಅವಳ ಕಣ್ಣಲ್ಲಿ ನೀರಿತ್ತು. ಹೋಟೆಲಿಗೆ ಓಡಿದೆ. ಗಲ್ಲಾದ ಮೇಲಿದ್ದವನು, "ಟೋಪಿವಾಲೆ ಬಡೇಮಿಯಾ? ಚಾಯ್ ಪೀಕೆ ಉಧರ್ ಗಯೇ" ಎಂದು, ಟೋಪಿಯ ಹಿರಿಯರು ಚಹಾ ಕುಡಿದು ಹೋದ ಕಡೆಗೆ ಕೈ ತೋರಿಸಿದ. ಅದು ನಮ್ಮ ಮನೆಗೆ ತದ್ವಿರುದ್ಧ ದಿಕ್ಕು.

ಆಗ ಹೊಳೆಯಿತು. ನನ್ನ ಲೆಕ್ಕದಲ್ಲಿ ಮಾವನವರು ಹೋಟೆಲಿಗೆ ಮುಖ ಮಾಡಿ ನಿಂತಿದ್ದರು. ಆದರೆ ಹೈದರಾಬಾದಿನಲ್ಲಿ ಇಳಿದವರು ಇರಾನಿ ಚಹಾ ಕುಡಿಯದೆ ಮುಂದೆ ಹೋಗುತ್ತಾರೆಯೇ? ಚಹಾ ಕುಡಿದು ಹೊರಬಂದವರ ಬೆನ್ನು ಹೋಟೆಲಿನ ಕಡೆ! ನನ್ನ ಬಲವೆಲ್ಲ ಎಡ, ಧನವೆಲ್ಲ ಋಣ. ಚಿಹ್ನೆ ಬದಲಿಸಿ, ಆಚೆ ಕಡೆಯ ಎರಡನೇ ಗಲ್ಲಿಯ ಮೂರನೇ ಮನೆಗೆ ಹೋದೆ. ಮಾವನವರು ಅಲ್ಲಿ ಚಾಪೆಯ ಮೇಲೆ ಆರಾಮಾಗಿ ಕೂತಿದ್ದರು, ಸುತ್ತ ಮಕ್ಕಳು, ಮಧ್ಯೆ ಬರಿದಾದ ಹೋಳಿಗೆ ಡಬ್ಬಿ.

ಆ ಮನೆಯ ತೆಲುಗಿನ ತಾಯಿ, ಗಂಡನ ಕಡೆಯ ಹಿರಿಯರಿರಬೇಕು, ಯಾರೆಂದು ಹೇಗೆ ಕೇಳುವುದು ಎಂದು ಕಾಫಿ ಕೊಟ್ಟು ಊಟ ಬಡಿಸಿದ್ದರಂತೆ. ಮಾವನವರೂ, ಮಗಳು ಹೊರಗೆ ಹೋಗಿರಬೇಕು, ನೆರೆಮನೆಯಾಕೆ ನೋಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಉಂಡಿದ್ದರು. ಮರ್ಯಾದಸ್ಥರಿಬ್ಬರು ಸೇರಿದರೆ ಹೀಗೇ.

ನನ್ನನ್ನು ಕಂಡದ್ದೇ ಅವರ ಮುಖ ಅರಳಿತು. "ಶಹಬ್ಬಾಸ್ ಅಳಿಯಂದ್ರ! ಯಾರನ್ನೂ ಕೇಳಲಾರದ ಸೀದಾ ಬಂದೆ ನೋಡ್ರಿ. ನಿಮ್ಮ ಲೆಕ್ಕ ಅಂದ್ರ ಲೆಕ್ಕ!"

ಮದುವೆಯಾದಾಗಿನಿಂದ ಕಾದ ಮಾತು. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತು ಕೇಳೋಣವೆನ್ನಿಸಿದ್ದು ಸುಳ್ಳಲ್ಲ. ಆದರೆ ಮನೆಯಲ್ಲಿ ಅಳುತ್ತ ನಿಂತವಳ ನೆನಪಾಗಿ, ತಲೆ ತಗ್ಗಿಸಿ ನಿಜ ಹೇಳಿದೆ. ಮಾವನವರು ನನ್ನನ್ನೊಮ್ಮೆ ನೋಡಿದರು, ಖಾಲಿ ಡಬ್ಬಿಯನ್ನೊಮ್ಮೆ ನೋಡಿದರು, ಎದ್ದು ಚಪ್ಪಲಿ ಮೆಟ್ಟಿದರು.

ಮರುವರ್ಷ ಫೋನ್ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವರೆಂದರು: "ಈ ಸಲ ಎರಡು ಡಬ್ಬಿ ತರಾಕತ್ತೀನಿ. ಮೊದಲ ನೀವು ಹೇಳಿದ ಮನಿಗೆ ಹೋಗಿ, ದೊಡ್ಡ ಡಬ್ಬಿ ಮಕ್ಕಳಿಗೆ ಕೊಟ್ಟು, ಆಮ್ಯಾಲೆ ಗಿರಣಿ ಕೇಳಿಕೋತ ನಿಮ್ಮ ಮನಿಗೆ ಬರ್ತೀನಿ."