ಅತ್ತೆಯ ಮುಂದೆ ಯಾರೂ ಮೇಲೇಳುವಂತಿಲ್ಲ

ಭೂಮಿಗೆ ಸೆಳೆಯುವ ಶಕ್ತಿ ಇದೆಯೆಂದು ಕಂಡುಹಿಡಿದವರು ಯಾರೇ ಇರಲಿ, ಯಳಂದೂರು, ಕೊಳ್ಳೇಗಾಲದ ಕಡೆ ಆ ಕಾನೂನನ್ನು ಜಾರಿಯಲ್ಲಿಟ್ಟಿದ್ದವರು ಮಾತ್ರ ನಮ್ಮ ಸೋದರತ್ತೆ! ಅರವತ್ತರ ದಶಕದಲ್ಲಿ ನಮ್ಮ ಸೀಮೆಯಲ್ಲಿ ಯಾರಾದರೂ ನೆಲ ಬಿಟ್ಟು ಮೇಲೇಳುತ್ತಾರಂತೆ ಎಂದರೆ ಸಾಕು, ಅತ್ತೆ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಡುತ್ತಿದ್ದರು. ಭಕ್ತಿಯಿಂದಲ್ಲ, ತಪಾಸಣೆಗೆ!

ಒಮ್ಮೆ ಕುಂತೂರಿನ ಪಂಪ್‌ಸೆಟ್ ಮೆಕ್ಯಾನಿಕ್ ಒಬ್ಬ ಭಾರವನ್ನೇ ಇಲ್ಲವಾಗಿಸುವ ಯಂತ್ರ ಮಾಡಿದ್ದಾನೆಂದು ಸುದ್ದಿ ಬಂತು. ಹಲಗೆಯ ಕೆಳಗೊಂದು ಮೋಟಾರು, ಮೇಲೊಂದು ಕುಂಬಳಕಾಯಿ. ಮೋಟಾರು ಗುಡುಗಿದ್ದೇ ತಡ, ಕಾಯಿ ಕುಣಿಕುಣಿದು ಮೇಲಕ್ಕೆ ನೆಗೆಯಿತು. ಜನರ ಚಪ್ಪಾಳೆಯೋ ಚಪ್ಪಾಳೆ! ಅತ್ತೆ ಕಾಯನ್ನು ಕೆಳಗಿಳಿಸಿ ತಾವೇ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅತ್ತೆಯ ಗಾತ್ರ ನಿಮಗೆ ಗೊತ್ತಿಲ್ಲ. ಅವರು ಗಾಡಿ ಹತ್ತಿದರೆ ಎತ್ತುಗಳು ಹಿಂತಿರುಗಿ ನೋಡುತ್ತಿದ್ದವು!

"ಎತ್ತಪ್ಪಾ, ನೋಡವ."

ಮೋಟಾರು ಗೊರಗುಟ್ಟಿತು, ಕೆಮ್ಮಿತು, ಹೊಗೆ ಬಿಟ್ಟು ತೆಪ್ಪಗಾಯಿತು.

"ಭಾರ ಓಯ್ತೇನ್ಲಾ?"

"ಮೋಟರೇ ಓಯ್ತು ಕಣವ್ವಾ!" ಎಂದ ಮೆಕ್ಯಾನಿಕ್.

ಆದರೆ ನಿಜವಾದ ಕುತ್ತು ಬಂದದ್ದು ಮನೆಯೊಳಗೆ. ಕೊಳ್ಳೇಗಾಲಕ್ಕೆ ಸ್ವಾಮಿಯೊಬ್ಬರು ಬಂದಿದ್ದರು. ಒಂದು ಕೈಯನ್ನು ದಪ್ಪ ದೊಣ್ಣೆಯ ಮೇಲಿಟ್ಟು ಗಾಳಿಯಲ್ಲೇ ಕೂರುತ್ತಿದ್ದರಂತೆ. ಅತ್ತೆಯ ಗಂಡ, ಅಂದರೆ ನಮ್ಮ ಮಾವ, ಬಾಯಿಲ್ಲದ ಸಾಧು ಮನುಷ್ಯ. ಹೋಗಿ ನೋಡಿ ಬಂದವರೇ ಬಟ್ಟೆ ಗಂಟು ಕಟ್ಟತೊಡಗಿದರು.

"ನಾನೂ ಆ ವಿದ್ಯೆ ಕಲೀತೀನಿ. ಸಾಮಿಗಳ ಜೊತೇಲೇ ಓಯ್ತೀನಿ."

ಅತ್ತೆ ಅತ್ತರೆಂದುಕೊಂಡಿರಾ? "ನಡೀರಿ, ನಾನೇ ಬುಟ್ಟು ಬತ್ತೀನಿ" ಎಂದರು. ನಾನೂ ಬಸ್ಸು ಹತ್ತಿದೆ. ಇಂಥದ್ದನ್ನು ತಪ್ಪಿಸಿಕೊಳ್ಳುವುದುಂಟೇ?

ಸ್ವಾಮಿಗಳು ಕಣ್ಣು ಮುಚ್ಚಿ ಗಾಳಿಯಲ್ಲಿದ್ದರು. ಅತ್ತೆ ಅಡ್ಡಬಿದ್ದರು.

"ಸಾಮಿ, ಆ ದೊಣ್ಣೆ ಒಸಿ ಕೊಡಿ. ಕಣ್ಣಿಗೊತ್ಕತೀನಿ."

"ಮುಟ್ಟಬೇಡ! ಸುಟ್ಟು ಹೋಗ್ತೀಯ!"

"ಒಲೆ ಮುಂದೆ ಬೆಂದಿರೋ ಕೈ ಸಾಮಿ, ಇನ್ನೇನು ಸುಟ್ಟಾತು!" ಎಂದು ಅತ್ತೆ ದೊಣ್ಣೆ ಎಳೆದೇಬಿಟ್ಟರು.

ದೊಣ್ಣೆಯ ಜೊತೆಗೆ ಕಾವಿ ನಿಲುವಂಗಿಯ ತೋಳಿನೊಳಗಿನ ಕಬ್ಬಿಣದ ಸರಳು, ಸರಳಿನ ತುದಿಯ ಮಣೆ, ಮಣೆಯ ಮೇಲಿನ ಸ್ವಾಮಿ, ಎಲ್ಲವೂ ಧೊಪ್ಪೆಂದು ನೆಲಕ್ಕೆ! ಜನ ಶಿಳ್ಳೆ ಹೊಡೆದರು. ಸ್ವಾಮಿಗಳು ಎದ್ದು ಓಡಿದ ವೇಗ ನೋಡಿದರೆ ಅವರಿಗೆ ಹಾರುವ ವಿದ್ಯೆ ಬೇಕೇ ಇರಲಿಲ್ಲ!

ಅತ್ತೆ ಕುಸ್ತಿ ಗೆದ್ದ ಪೈಲ್ವಾನರಂತೆ ಬಸ್‌ಸ್ಟ್ಯಾಂಡಿನತ್ತ ನಡೆದರು. ಮಾವ ತಲೆತಗ್ಗಿಸಿಕೊಂಡು ಹಿಂದೆ ಹಿಂದೆ.

"ಅಲ್ಲಾ ಕಣ್ರೀ, ಮೇಲಕ್ಕೆದ್ದು ನೀವೇನ್ ಮಾಡ್ಬೇಕಾಗಿತ್ತು?"

ಮಾವ ನಿಂತು ಮಂಡಿ ನೀವಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ಮಂಡಿ ಮಡಿಚಕ್ಕಾಯ್ತಿಲ್ಲ ಕಣೆ. ವರ್ಸವರ್ಸದಂಗೆ ಈ ಸಲ ಮಾದಪ್ಪನ ಬೆಟ್ಟ ಏರಕ್ಕೆ ನನ್ ಕೈಲಾಗಕಿಲ್ಲ. ಒಸಿ ಮೇಲಕ್ಕೆ ಏಳದು ಕಲ್ತ್ರೆ ನಿನ್ ಜೊತೇಲಿ ಬರಬೌದು ಅನ್ಕಂಡೆ."

ಅತ್ತೆಯ ಮುಖದ ನಗು ಮಾಯವಾಯಿತು. ಅಷ್ಟು ಜನರ ನಡುವೆಯೇ ಮಾವನ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು.

ಆ ವರ್ಷ ಇಬ್ಬರೂ ಮಾದಪ್ಪನ ಬೆಟ್ಟವನ್ನು ಬುಡದ ತಾಳುಬೆಟ್ಟದಿಂದ ನಡೆದೇ ಒಟ್ಟಿಗೇ ಹತ್ತಿದರು. ಮಾವನ ಕಾಲು ನಡುಗಿದಾಗಲೆಲ್ಲ ಅತ್ತೆಯೇ ಮೊದಲು ಬಂಡೆಯ ಮೇಲೆ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಹೇಳುತ್ತಿದ್ದರು:

"ಉಸ್ಸಪ್ಪಾ! ನಂಗೇ ಆಗಕಿಲ್ಲ ಕಣ್ರೀ. ಒಸಿ ಕೂತ್ಕಂಡು ಓಗವ."