ಪಾಲಿಶ್ ಕಲ್ಲಿನ ಫುಟ್‌ಪಾತು

ನಮ್ಮ ತಾಂಡೂರಿಗೆ ಸರಕಾರ ಏನಾದರೂ ಒಳ್ಳೆಯದು ಮಾಡಿದರೆ, ಅದನ್ನು ಹೇಗೆ ಬಳಸಬಾರದೋ ಹಾಗೆಯೇ ಬಳಸುವುದನ್ನು ನಾವು ಎಂಟು ದಿನದಲ್ಲಿ ಕಲಿತುಬಿಡುತ್ತೇವೆ. ಬಸ್ ಸ್ಟ್ಯಾಂಡಿನಲ್ಲಿ ಗಡಿಯಾರ ಹಾಕಿದರು. ಅದರೊಳಗೆ ಪಾರಿವಾಳಗಳು ಸಂಸಾರ ಹೂಡಿದವು. ಗಡಿಯಾರ ನಿಂತಿತು, ಜನ ಮಾತ್ರ ಪಾರಿವಾಳ ಹೊರಗೆ ಹಾರುವ ಹೊತ್ತು ನೋಡಿಕೊಂಡು ಬಸ್ಸು ಹಿಡಿಯತೊಡಗಿದರು. ಇಂಥವು ನಡೆಯುತ್ತಲೇ ಇರುತ್ತವೆ, ನಾನು ನಗುತ್ತಲೇ ಇರುತ್ತೇನೆ. ಸ್ಟೇಷನ್ ರೋಡಿನ ಫುಟ್‌ಪಾತಿನ ವಿಷಯದಲ್ಲಿ ಮಾತ್ರ ನನಗೆ ನಗು ತಡವಾಗಿ ಬಂತು. ಏಕೆಂದರೆ ಅದು ನನಗೆ ಖರೇನೇ ಬೇಕಾಗಿತ್ತು.

೧. ನಡೆಯುವವರಿಗೆ ಗ್ರಾಂಟು

ನಮ್ಮ ಮನೆಯವರು ಪುರಸಭೆಯಲ್ಲಿ ಗುಮಾಸ್ತರು. ಒಂದು ಸಂಜೆ ಸೈಕಲ್ಲನ್ನು ಗೋಡೆಗೆ ಆನಿಸುತ್ತಲೇ "ಗ್ರಾಂಟ್ ಬಂದದ" ಎಂದರು. ರೈಲಿನಿಂದ ಇಳಿದವರು ಆರಾಮಾಗಿ ನಡೆದುಹೋಗಲು ಸ್ಟೇಷನ್ನಿನಿಂದ ಕಲ್ಲು ಹಾಸಿದ ಫುಟ್‌ಪಾತು, ಅದರ ಮಗ್ಗುಲಿಗೇ ಸೈಕಲ್ಲುಗಳಿಗೆಂದು ಒಂದು ಪಟ್ಟಿ ದಾರಿ.

ನಮ್ಮ ಅತ್ತೆ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. "ನಡ್ಯೋರಿಗೆ ಸರಕಾರ ರೊಕ್ಕ ಕೊಡ್ತದೇನೋ?"

"ನಡ್ಯೋರಿಗಲ್ಲವ್ವ, ದಾರಿಗೆ."

"ದಾರಿ ಏನು ಮಾಡ್ಯದ? ಇದ್ದಲ್ಲೇ ಬಿದ್ದದ. ನಡದಾಕಿ ನಾನು. ಬಶೀರಾಬಾದಿನಿಂದ ನಿಮ್ಮಪ್ಪನ ಹಿಂದ ನಡಕೋತ ಬಂದು ಈ ಮನಿ ತುಂಬೀನಿ. ನನ್ನ ಹೆಸರು ಬರಿ."

ನನಗೆ ಬೇರೆಯದೇ ಚಿಂತೆ. ನಮ್ಮ ಮನೆ ಸ್ಟೇಷನ್ನಿನ ಹತ್ತಿರ, ಮಗಳ ಶಾಲೆ ಚೌಕದ ಆಚೆ. ನಡುವಿನ ರಸ್ತೆಯಲ್ಲಿ ಗಣಿಯಿಂದ ಬರುವ ಕಲ್ಲಿನ ಲಾರಿ, ಪೇಟೆಗೆ ಹೋಗುವ ತೊಗರಿ ಬಂಡಿ. ಒಂದು ದಿನ ಲಾರಿಯೊಂದು ಮಗಳ ಪಾಟಿಚೀಲವನ್ನು ಹೆಗಲಿನಿಂದ ಕಿತ್ತುಕೊಂಡು ಹೋಯಿತು. ಚೀಲ ಮಾತ್ರ ಹೋಯಿತು. ಅಂದಿನಿಂದ ಆರು ವರ್ಷದ ಹುಡುಗಿಯನ್ನು ನಾನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದೆ. ಅವಳ ಕಾಲು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಶಾಲೆಯ ಮಕ್ಕಳು ಅವಳಿಗೆ "ಬಗಲಕೂಸು" ಎಂದು ಹೆಸರಿಟ್ಟಿದ್ದರು, ಅವಳು ಆ ಸಿಟ್ಟನ್ನು ನನ್ನ ಜಡೆಯ ಮೇಲೆ ತೀರಿಸುತ್ತಿದ್ದಳು.

"ಶಾಲಿ ತನಕ ಹಾಸ್ತಾರೇನ್ರಿ?" ಎಂದೆ.

"ಮೊದಲ ಅರ್ಧ ಚೌಕದ ತನಕ. ಹೈದರಾಬಾದಿನ ಸಾಹೇಬರು ಬಂದು ನೋಡ್ತಾರ. ಜನ ಅದರ ಮ್ಯಾಲೆ ಖರೇನೇ ನಡದ್ರ ಉಳಿದರ್ಧ ಶಾಲಿ ತನಕ. ಇಲ್ಲಂದ್ರ ಗ್ರಾಂಟ್ ವಾಪಸ್."

ನಡೆಯುವುದೇನು ದೊಡ್ಡ ಕೆಲಸ, ಎರಡು ಕಾಲಿದ್ದರೆ ಸಾಕು ಎಂದುಕೊಂಡೆ. ನಮ್ಮ ಊರು ನನಗಿನ್ನೂ ಪೂರ್ತಿ ಗೊತ್ತಿರಲಿಲ್ಲ. ಮರುದಿನ ಅತ್ತೆ ತಾವೇ ಪುರಸಭೆಗೆ ಹೋಗಿ, ಸವೆದ ಚಪ್ಪಲಿ ಒಂದು ಜೊತೆಯನ್ನು ಮಗನ ಮೇಜಿನ ಮೇಲಿಟ್ಟು ಬಂದರು. ಎಷ್ಟು ನಡೆದಿದ್ದಾರೆಂಬುದಕ್ಕೆ ಸಾಕ್ಷಿ ಬೇಕಲ್ಲ!

೨. ಚಪ್ಪಲಿ ಬಿಟ್ಟು ಬರ್ರಿ

ಗುತ್ತಿಗೆದಾರನಿಗೆ ಊರಿನ ಕಲ್ಲಿನ ಅಭಿಮಾನ. ಒರಟು ಕಲ್ಲು ಹಾಸಿದರೆ ನಾಲ್ಕು ಜನ ಏನೆಂದಾರು ಎಂದು, ಒಳ್ಳೆಯ ನೀಲಿ ಕಲ್ಲಿಗೆ ಪಾಲಿಶ್ ಹೊಡೆಸಿ, ಬಗ್ಗಿದರೆ ಮುಖ ಕಾಣುವಂತೆ ಹಾಸಿದ.

ನಮ್ಮೂರಿನಲ್ಲಿ ಪಾಲಿಶ್ ಕಲ್ಲು ಎರಡೇ ಕಡೆ ಇರುತ್ತದೆ. ಒಂದು ಗುಡಿ, ಇನ್ನೊಂದು ಉಳ್ಳವರ ಪಡಸಾಲೆ. ಸಂಕ್ರಾಂತಿ ಹೊತ್ತಿಗೆ ಕೆಲಸ ಮುಗಿಯಿತು. ಮೊದಲ ದಿನ ಬೆಳಗಿನ ಪ್ಯಾಸೆಂಜರಿನಿಂದ ತಲೆಗೆ ದೊಡ್ಡ ಪಟಗಾ ಸುತ್ತಿದ ಗೌಡರೊಬ್ಬರು ಇಳಿದರು. ಫುಟ್‌ಪಾತಿನ ಅಂಚಿಗೆ ಬಂದು ನಿಂತರು. ಕಲ್ಲು ನೋಡಿದರು, ತಮ್ಮ ಕಾಲು ನೋಡಿಕೊಂಡರು. ಮೆಲ್ಲಗೆ ಚಪ್ಪಲಿ ಬಿಟ್ಟು, ಧೋತರ ಎತ್ತಿ, ಬಲಗಾಲು ಮುಂದಿಟ್ಟು ಹತ್ತಿದರು. ಹಿಂದೆ ಬಂದವರು ಗೌಡರನ್ನು ನೋಡಿ ತಾವೂ ಬಿಟ್ಟರು. ಹತ್ತು ಗಂಟೆಯೊಳಗೆ ಸ್ಟೇಷನ್ ಕಡೆಯ ಅಂಚಿನಲ್ಲಿ ಮದುವೆ ಮನೆಯ ಮುಂದಿನಷ್ಟು ಚಪ್ಪಲಿ.

ಮುಂದಿನದು ಇನ್ನೂ ಮಜಾ. ಬರಿಗಾಲಲ್ಲಿ ಚೌಕ ಮುಟ್ಟಿದವರಿಗೆ ಅಲ್ಲಿ ಚಪ್ಪಲಿ ನೆನಪಾಗುತ್ತಿತ್ತು. ವಾಪಸು ಸ್ಟೇಷನ್ನಿಗೆ ಬರುತ್ತಿದ್ದರು, ಚಪ್ಪಲಿ ಮೆಟ್ಟುತ್ತಿದ್ದರು. ಮೆಟ್ಟಿದ ಮೇಲೆ ಫುಟ್‌ಪಾತು ಹತ್ತುವ ಹಾಗಿಲ್ಲವಲ್ಲ, ಲಾರಿಗಳ ನಡುವೆ ರಸ್ತೆಯಲ್ಲೇ ಚೌಕಕ್ಕೆ ಹೋಗುತ್ತಿದ್ದರು. ಒಂದು ಸಲ ಹೋಗಬೇಕಾದಲ್ಲಿ ಮೂರು ಸಲ ನಡೆಯುತ್ತಿದ್ದರು, ಅದರಲ್ಲಿ ನಿಜಕ್ಕೂ ಹೋಗಬೇಕಾಗಿದ್ದ ಸಲ ಮಾತ್ರ ರಸ್ತೆಯ ಮೇಲೆ!

ನಾನು ಚಪ್ಪಲಿ ಹಾಕಿಕೊಂಡೇ ಹತ್ತಿದೆ. ಅತ್ತೆ ಹಿಂದಿನಿಂದ ಕೂಗಿದರು, "ಯವ್ವಾ, ನಾರಾಯಣಖೇಡದಾಗ ಹತ್ತನೇತ್ತ ಪಾಸಾಗಿ ಬಂದಾಕಿ, ಫರಸಿ ಮ್ಯಾಲೆ ಚಪ್ಪಲಿ ಹಾಕ್ಕೊಂಡು ತಿರಗಾಕ ಕಲಿಸ್ಯಾರೇನು ಅಲ್ಲಿ?"

ಕೊನೆಗೆ ಪುರಸಭೆಯ ಓವರ್‌ಸಿಯರ್ ಅಂಚಿನಲ್ಲೊಂದು ಬೋರ್ಡು ನಿಲ್ಲಿಸಿದ: ಚಪ್ಪಲಿ ಹಾಕಿಕೊಂಡೇ ನಡೆಯಿರಿ. ಓದು ಬಾರದವರಿಗೆಂದು ಕೆಳಗೆ ದೊಡ್ಡದಾಗಿ ಒಂದು ಜೊತೆ ಚಪ್ಪಲಿಯ ಚಿತ್ರ ಬರೆಸಿದ. ಅಲ್ಲಿಯತನಕ ಎಲ್ಲೆಂದರಲ್ಲಿ ಬಿಡುತ್ತಿದ್ದ ಜನ, ಅಂದಿನಿಂದ ಸಾಲಾಗಿ ಆ ಬೋರ್ಡಿನ ಕೆಳಗೇ ಬಿಡತೊಡಗಿದರು.

೩. ಹಪ್ಪಳದ ಸಂಸ್ಥಾನ

ಬೇಸಿಗೆ ಬಂತು. ಕಲ್ಲು ಹೆಂಚಿನಂತೆ ಕಾಯತೊಡಗಿತು, ಹಗಲು ಹೊತ್ತು ಬರಿಗಾಲಲ್ಲಿ ನಡೆಯುವವರೂ ನಿಂತರು. ಅಷ್ಟು ಚೊಕ್ಕ, ಅಷ್ಟು ಸಮ, ಅಷ್ಟು ಬಿಸಿಯ ಜಾಗ ಖಾಲಿ ಬಿದ್ದಿರುವುದನ್ನು ಯಾವ ಹೆಣ್ಣಿನ ಕಣ್ಣು ತಡೆದೀತು? ಒಂದು ಬೆಳಗ್ಗೆ ನೋಡುತ್ತೇನೆ, ಫುಟ್‌ಪಾತಿನ ಉದ್ದಕ್ಕೂ ಹಪ್ಪಳ, ಶಂಡಿಗೆ, ಬೇಳೆ ಮಾಡಲು ನೆನೆಸಿ ಒಣಹಾಕಿದ ತೊಗರಿ. ಅಲ್ಲಲ್ಲಿ ಕಾಗೆ ಓಡಿಸಲು ಕೋಲು ಹಿಡಿದು ಕೂತ ಮುದುಕಿಯರು. ಕಾಗೆಗಿಂತ ಹೆಚ್ಚು ಮನುಷ್ಯರನ್ನೇ ಓಡಿಸುತ್ತಿದ್ದರು.

"ಏ ಯಣ್ಣಾ, ಕೆಳಗ ಇಳಿ! ರೋಡ್ ಕಾಣವಲ್ತೇನು?"

"ಇದು ನಡ್ಯಾಕ ಮಾಡ್ಯಾರಬೇ" ಎಂದ ಪಾಪ ದಾರಿಹೋಕ.

"ನಡದ್ರ ಶಂಡಿಗಿ ಮುರೀತಾವ. ನಿನಗ ಬುದ್ಧಿ ಅದ ಇಲ್ಲ?"

ಸಾಹೇಬರು ಬಂದು ಇದನ್ನು ನೋಡಿದರೆ ನನ್ನ ಮಗಳು ಇನ್ನೂ ನಾಲ್ಕು ವರ್ಷ ನನ್ನ ಸೊಂಟದ ಮೇಲೇ ಎಂದು ನೆನೆದು ನನಗೆ ಉರಿದುಹೋಯಿತು. ಸೆರಗು ಸಿಕ್ಕಿಸಿ ಸ್ಟೇಷನ್ ಕಡೆಯಿಂದ ಹೊರಟೆ. ಕೂತವರಿಗೆಲ್ಲ ಬರಾಬರ್ ಬೈದೆ. "ಸರಕಾರದ ಕಲ್ಲಂದ್ರ ನಿಮ್ಮ ತೌರಿನ ಅಂಗಳೇನು? ಯಾವಾಕಿ ಮೊದಲ ಹಾಸಿದಾಕಿ? ತೋರಸ್ರಿ ಆಕಿ ಮುಖ!"

ಎಲ್ಲರೂ ಕೋಲೆತ್ತಿ ನಡುವಿನ ಬೇವಿನ ಮರದ ಕಡೆ ತೋರಿಸಿದರು. ಅಲ್ಲಿ ನನ್ನ ಮದುವೆಯ ಹಸಿರು ಸೀರೆ ಉದ್ದಕ್ಕೆ ಹಾಸಿತ್ತು. ಅದರ ಮೇಲೆ ನಮ್ಮ ಮನೆಯ ಶಂಡಿಗೆ, ಪಕ್ಕದಲ್ಲಿ ಕೋಲು ಹಿಡಿದ ನಮ್ಮ ಅತ್ತೆ. ನನ್ನನ್ನು ನೋಡಿ "ಬಂದೀ? ಛಲೋ ಆತು. ಆ ಕಡಿ ಕಾಗಿ ನೋಡು" ಎಂದರು.

೪. ಹಿರಿಯರು ಭಾಳ ಆದ ಊರು

ಫುಟ್‌ಪಾತು ಹೋದರೂ ಸೈಕಲ್ ದಾರಿಯಾದರೂ ಉಳಿದೀತು ಎಂಬ ಆಸೆ ನನಗಿತ್ತು. ಚೌಕದ ಸೈಕಲ್ ಟ್ಯಾಕ್ಸಿ ಅಂಗಡಿಯ ಮಾಮಾ, ಎಂದರೆ ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುವವನು, ಹಿಗ್ಗಿಹೋಗಿದ್ದ. ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಹಿರಿಯರ ಮುಂದೆ ಸೈಕಲ್ ಮೇಲೆ ಕೂತು ಹೋಗಬಾರದು, ಇಳಿದು ತಳ್ಳಿಕೊಂಡು ಹೋಗಬೇಕು. ಹಳ್ಳಿಯಲ್ಲಿ ದಾರಿಗೆ ಒಬ್ಬರೋ ಇಬ್ಬರೋ ಹಿರಿಯರು ಸಿಗುತ್ತಾರೆ, ಇಳಿದು ಹತ್ತಬಹುದು. ಇಲ್ಲಿ ಫುಟ್‌ಪಾತಿನ ತುಂಬ ಹತ್ತು ಹೆಜ್ಜೆಗೊಬ್ಬ ಮುದುಕಿ! ಒಬ್ಬಾಕೆಯನ್ನು ದಾಟಿ ಹತ್ತಬೇಕೆಂದು ಕಾಲೆತ್ತಿದರೆ ಮುಂದಿನಾಕೆ ಕಾಣುತ್ತಿದ್ದಳು.

ಹೀಗಾಗಿ ಸೈಕಲ್ ದಾರಿಯಲ್ಲಿ ಸೈಕಲ್ ಇದ್ದವರೆಲ್ಲ ನಡೆಯುತ್ತಿದ್ದರು. ಬಾಡಿಗೆಗೆ ತಂದವರು ಪೂರಾ ತಾಸು ತಳ್ಳಿ ವಾಪಸು ಕೊಡುತ್ತಿದ್ದರು.

ಒಂದು ಸಂಜೆ ನಮ್ಮ ಮನೆಯವರು ಮಗಳನ್ನು ಮುಂದಿನ ದಾಂಡಿಯ ಮೇಲೆ ಕೂಡಿಸಿಕೊಂಡು ಚೌಕದಿಂದ ಮನೆತನಕ ತಳ್ಳಿಕೊಂಡೇ ಬಂದರು. ಮಗಳು ದಾರಿಯಲ್ಲಿ ಕೇಳಿದಳಂತೆ, "ಅಪ್ಪಾ, ಪಂಚರ್ ಆಗ್ಯದೇನು?"

"ಇಲ್ಲವ್ವ. ಹಿರಿಯರು ಅದಾರ."

ಅವಳು ಸಾಲನ್ನೊಮ್ಮೆ ಉದ್ದಕ್ಕೆ ನೋಡಿ ಕೇಳಿದಳು, "ಇವರೆಲ್ಲ ಯಾವಾಗ ಸಣ್ಣೋರಾಗ್ತಾರ?"

೫. ಸಾಹೇಬರು ಬಂದರು

ಸಾಹೇಬರು ಬರುವ ದಿನ ಗೊತ್ತಾಯಿತು. ಬೆಳಗಿನ ಗಾಡಿಗೆ. ನಮ್ಮ ಮನೆಯವರು ಊಟ ಬಿಟ್ಟರು. ನಾನು ಬಿಡಲಿಲ್ಲ, ಕೆಲಸ ಬಹಳ ಇತ್ತು. ಮನೆ ಮನೆಗೆ ಹೋದೆ. ಬೈದರೆ ಆಗುವುದಿಲ್ಲ ಎಂದು ಗೊತ್ತಾಗಿತ್ತು, ಆದ್ದರಿಂದ ಚೌಕಾಶಿಗೆ ಇಳಿದೆ. ಆ ಒಂದು ದಿನ ಎಲ್ಲರ ಹಪ್ಪಳ ಶಂಡಿಗೆ ನಮ್ಮ ಮಾಳಿಗೆಯ ಮೇಲೆ, ಕಾಗೆ ಕಾಯುವುದು ನನ್ನ ಪಾಲು. ಬದಲಿಗೆ ಅವರೆಲ್ಲ ಚಪ್ಪಲಿ ಹಾಕಿಕೊಂಡು ಫುಟ್‌ಪಾತಿನ ಮೇಲೆ ಆ ಕಡೆಯಿಂದ ಈ ಕಡೆ ನಡೆಯಬೇಕು.

"ಎಲ್ಲಿಗೆ ನಡೀಬೇಕು?" ಎಂದಳೊಬ್ಬಳು.

"ಎಲ್ಲಿಗೂ ಇಲ್ಲ. ಸುಮ್ನ."

"ಸುಮ್ನ ಯಾರಾದ್ರೂ ನಡೀತಾರೇನು? ಹುಚ್ಚು ಹಿಡದವರಂಗ?"

"ನನ್ನ ಮಗಳ ಸಲುವಾಗಿ ಒಂದ್ ದಿನ ಹುಚ್ಚು ಹಿಡಿಸ್ಕೋರೆ" ಎಂದೆ. ಒಪ್ಪಿದರು.

ಅತ್ತೆ ಮಾತ್ರ ಬೇವಿನ ಮರ ಬಿಟ್ಟು ಏಳಲಿಲ್ಲ. "ನಾ ಹಿರಿಯಾಕಿ. ಕುಂತಲ್ಲೇ ಕುಂಡ್ರಾಕಿ."

ಬೆಳಗಿನ ಗಾಡಿ ಬಂದದ್ದು ಮಟಮಟ ಮಧ್ಯಾಹ್ನ. ಅಷ್ಟು ಹೊತ್ತು ಹೆಂಗಸರು, ಗಂಡಸರು, ಬೇಳೆ ವ್ಯಾಪಾರಿಗಳು ಚಪ್ಪಲಿ ಮೆಟ್ಟಿ, ಕಳ್ಳರಂತೆ ಮುದುಡಿಕೊಂಡು ಆ ಹೊಳೆಯುವ ಕಲ್ಲಿನ ಮೇಲೆ ತಿರುಗಿದ್ದೇ ತಿರುಗಿದ್ದು. ಗಾಡಿಯ ಸಿಳ್ಳು ಕೇಳಿ ನಾನೂ ಮಗಳನ್ನೆತ್ತಿಕೊಂಡು ಮಾಳಿಗೆಯಿಂದ ಇಳಿದು ಬಂದೆ. ಓವರ್‌ಸಿಯರ್ ಹೈದರಾಬಾದಿನವರಿಗೆ ಕನ್ನಡ ಬಾರದೆಂದು ತೆಲುಗಿನಲ್ಲೊಂದು, ಉರ್ದುವಿನಲ್ಲೊಂದು ಸ್ವಾಗತದ ಮಾತು ಬಾಯಿಪಾಠ ಮಾಡಿ ನಿಂತಿದ್ದ. ಸಾಹೇಬರು ಇಳಿದವರೇ "ನಮಸ್ಕಾರ್ರಿ, ಆರಾಮ ಅದೀರೇನು?" ಎಂದರು. ಅವರ ಊರು ಕಲ್ಹೇರದ ಕಡೆಯದಂತೆ, ನನ್ನ ತೌರಿನ ಮಗ್ಗುಲು! ನಮ್ಮವರೇ!

ನಮ್ಮವರು ಎಂದು ನಾನು ಹಿಗ್ಗಿದ್ದೇ ತಪ್ಪಾಯಿತು. ನಮ್ಮವರಾದ ಸಾಹೇಬರು ಫುಟ್‌ಪಾತಿನ ಅಂಚಿಗೆ ಬಂದರು. ಕಲ್ಲು ನೋಡಿದರು, ತಮ್ಮ ಬೂಟು ನೋಡಿಕೊಂಡರು. ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತು ಲೇಸು ಬಿಚ್ಚಿದರು. ಓವರ್‌ಸಿಯರ್ "ಬ್ಯಾಡ್ರಿ ಸಾಹೇಬ್ರ" ಎನ್ನುವಷ್ಟರಲ್ಲಿ ಬೂಟನ್ನು ಬೋರ್ಡಿನ ಕೆಳಗೆ ನೀಟಾಗಿ ಇಟ್ಟಾಗಿತ್ತು. ಚಪ್ಪಲಿ ಹಾಕಿ ನಿಂತ ಊರೆಲ್ಲ ನಾಚಿಕೆಯಿಂದ ಸತ್ತಿತು. ಅಷ್ಟು ದೊಡ್ಡ ಸಾಹೇಬರೇ ಬರಿಗಾಲಲ್ಲಿರುವಾಗ! ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎಲ್ಲರೂ ಚಪ್ಪಲಿ ಕಳಚಿ ರಸ್ತೆಗೆ ಎಸೆದರು.

ಸಾಹೇಬರು ಬಲಗಾಲಿಟ್ಟರು. ಎಡಗಾಲಿಟ್ಟರು. ಮೂರನೆಯ ಹೆಜ್ಜೆಗೆ ಮುಖ ಬದಲಾಯಿತು. ನಾಲ್ಕನೆಯದಕ್ಕೆ ಓಟ ಕಿತ್ತರು. ಸಾಹೇಬರು ಓಡುವಾಗ ಓವರ್‌ಸಿಯರ್ ನಡೆಯಬಹುದೇ? ಅವನೂ ಓಡಿದ. ಓವರ್‌ಸಿಯರನ ಹಿಂದೆ ನಮ್ಮ ಮನೆಯವರು ಫೈಲು ಎದೆಗವಚಿ, ಅವರ ಹಿಂದೆ ಸೀರೆ ಎತ್ತಿ ಹಿಡಿದ ಹೆಂಗಸರು, ವ್ಯಾಪಾರಿಗಳು, ಪಟಗಾದ ಗೌಡರು, ಎಲ್ಲರೂ "ಹಾ! ಹೂ!" ಎನ್ನುತ್ತ ಕುಣಿಯುತ್ತ ಓಡಿದರು. ಇಡೀ ತಾಂಡೂರಿನಲ್ಲಿ ಚಪ್ಪಲಿ ಹಾಕಿಕೊಂಡು ನಿಂತವಳು ನಾನೊಬ್ಬಳೇ, ಸೊಂಟದ ಮೇಲೆ ಮಗಳು. ಉಳಿದರ್ಧ ಗ್ರಾಂಟು ನನ್ನ ಕಣ್ಣೆದುರೇ ಓಡಿಹೋಗುತ್ತಿತ್ತು.

ಚೌಕದಲ್ಲಿ ಸೈಕಲ್ ಟ್ಯಾಕ್ಸಿ ಮಾಮಾನ ಅಂಗಡಿ ಮುಂದೆ ಪಂಚರ್ ನೋಡುವ ನೀರಿನ ತೊಟ್ಟಿ ಇತ್ತು. ಸಾಹೇಬರು ಕೇಳದೆ ಎರಡೂ ಕಾಲು ಅದರೊಳಗಿಟ್ಟು ಕಣ್ಣು ಮುಚ್ಚಿದರಂತೆ. ಕಣ್ಣು ತೆರೆದವರೇ "ಬೂಟು?" ಎಂದರಂತೆ. ಬೂಟು ಸ್ಟೇಷನ್ನಿನಲ್ಲಿ!

ನಮ್ಮ ಮನೆಯವರು ಮಾಮಾನ ಸೈಕಲ್ ತೆಗೆದು, ಸಾಹೇಬರನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಹೊರಟರು. ದಾರಿ ಖಾಲಿ ಇತ್ತು, ಸೈಕಲ್ ಜೋರಾಗಿ ಬಂತು. ಕೊನೆಗೂ ಸೈಕಲ್ ದಾರಿಯಲ್ಲಿ ಸೈಕಲ್ ಓಡಿತಲ್ಲ ಎಂದು ನಾನು ಉಸಿರು ಬಿಟ್ಟೆ. ಬೇವಿನ ಮರ ಬಂತು. ಮರದ ಕೆಳಗೆ ನಮ್ಮ ಅತ್ತೆ. ನಮ್ಮ ಮನೆಯವರು ಟಕ್ಕನೆ ಇಳಿದು ತಳ್ಳತೊಡಗಿದರು.

"ಯಾಕ, ಏನಾತು?" ಎಂದರು ಸಾಹೇಬರು.

"ಏನಿಲ್ರಿ. ನಮ್ಮವ್ವ ಕುಂತಾಳ್ರಿ."

ಸಾಹೇಬರು ಅತ್ತೆಯ ಬಿಳಿ ತಲೆ, ಹಣೆಯ ಇಬತ್ತಿ ನೋಡಿದರು. "ಅಯ್ಯೋ, ಹಿರಿಯಾಕಿ ಮುಂದ ನಾ ಹ್ಯಾಂಗ ಕೂಡ್ಲಿ!" ಎಂದವರೇ ಜಿಗಿದಿಳಿದು ಅತ್ತೆಗೆ ಕೈಮುಗಿದರು. ಕಾಲು ಕಾದ ಕಲ್ಲಿಗೆ ಹತ್ತಿತು. ಮುಗಿದ ಕೈ ಮುಗಿದಂತೆಯೇ ಸ್ಟೇಷನ್ ತನಕ ಓಡಿದರು. ಅತ್ತೆ ಹಿಂದಿನಿಂದ, "ಸಾವಕಾಶ ಹೋಗೋ ತಮ್ಮಾ, ಗಾಡಿ ಸಂಜಿಕ್ಕ ಅದ!" ಎಂದು ಕೂಗಿದರು.

ಬೂಟಿನೊಳಗೆ ಕಾಲು ತೂರಿಸಿದ ಮೇಲೆಯೇ ಸಾಹೇಬರು ರಿಪೋರ್ಟು ಹೇಳಿ ಬರೆಸಿದರು. ನಮ್ಮ ಮನೆಯವರು ಬರೆದುಕೊಂಡರು. ಈ ದಾರಿಯಲ್ಲಿ ಜನ ನಡೆಯುವುದನ್ನಷ್ಟೇ ಅಲ್ಲ, ಬಹಳ ಹುರುಪಿನಿಂದ ಓಡುವುದನ್ನೂ ನಾನು ಸ್ವತಃ ಕಂಡಿದ್ದೇನೆ. ಒಬ್ಬರೂ ಎಲ್ಲಿಯೂ ನಿಲ್ಲಲಿಲ್ಲ. ಉಳಿದರ್ಧ ಮಂಜೂರು ಮಾಡಬೇಕು. ಒಂದೇ ಷರತ್ತು, ಪಾಲಿಶ್ ಬೇಡ.

ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಚೌಕದಿಂದ ಶಾಲೆಯ ಗೇಟಿನ ತನಕ ಒರಟು ಕಲ್ಲು ಹಾಸಿಯಾಗಿತ್ತು. ಮಗಳನ್ನು ಕೆಳಗಿಳಿಸಿದೆ. ಚಪ್ಪಲಿ ಹಾಕಿಕೊಂಡು, ಹೊಸ ಪಾಟಿಚೀಲ ತೂಗಿಸುತ್ತ, ನನ್ನ ಕೈಯನ್ನೂ ಹಿಡಿಯದೆ ಮುಂದೆ ಮುಂದೆ ನಡೆದಳು. ಮಗ್ಗುಲಲ್ಲೇ ಲಾರಿ ಹೋಯಿತು, ತಿರುಗಿಯೂ ನೋಡಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಪಕ್ಕಕ್ಕೆ ನೋಡಿದರೆ ನಮ್ಮ ಅತ್ತೆಯ ಮುಖವೂ ಸಣ್ಣದಾಗಿತ್ತು. ಬಗ್ಗಿ ಆ ಹೊಸ ಕಲ್ಲನ್ನು ಅಂಗೈಯಿಂದ ಸವರಿ ನೋಡಿದರು, ಎದ್ದು ನಿಟ್ಟುಸಿರು ಬಿಟ್ಟರು.

"ಸರಕಾರದ ರೊಕ್ಕೆಲ್ಲ ಹಾಳಾತು ನೋಡವ್ವ. ಇದರ ಮ್ಯಾಲೆ ಹಪ್ಪಳ ಅಂಟ್ಕೋತಾವ."